ಎಸಿ ಎಷ್ಟು ಡಿಗ್ರಿ, ಗೀಸರ್ ಎಷ್ಟು ಡಿಗ್ರಿ? 200 ಯೂನಿಟ್ ದಾಟದೆ ಬೇಸಿಗೆ ಕಳೆಯುವುದು ಹೇಗೆ?

ಶಿರಾಗೇಟ್ ನಿವಾಸಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾ ಗೇಟ್ ಕಡೆ ಎರಡನೇ ಮಹಡಿ ಮನೆ. ಮೇಲೆ ಬರೀ ತಾರಸಿ. ಮಾರ್ಚ್ ಬಂತು ಅಂದರೆ ಹಗಲೆಲ್ಲ ಕಾದ ಆರ್‌ಸಿಸಿ ರಾತ್ರಿ ಹನ್ನೊಂದಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಅಪ್ಪನಿಗೆ ಬಿಪಿ ಇದೆ. ಸೆಕೆಗೆ ನಿದ್ದೆ ಬರದೆ ಒದ್ದಾಡುತ್ತಾರೆ. ಈ ಸಲ ಅವರ ರೂಮಿಗೆ ಒಂದು ಟನ್‌ನ ಇನ್ವರ್ಟರ್ ಎಸಿ ಹಾಕಿಸಬೇಕು ಅಂತಿದ್ದೇನೆ.

ಅಮ್ಮ ಬೇಡ ಅನ್ನುತ್ತಿದ್ದಾರೆ. ಕಾರಣ ಬಿಲ್. ಗೃಹಜ್ಯೋತಿಯಲ್ಲಿ ನಮ್ಮ ಉಚಿತ ಮಿತಿ 130 ಯೂನಿಟ್ ಹತ್ತಿರ ಇದೆ. ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು ಕಟ್ಟಬೇಕು. ಆದರೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಮ್ಮ ತಲೆ ಮೇಲೆ. ಮನೆಯಲ್ಲಿ ಐದು ಜನ, 25 ಲೀಟರ್ ಗೀಸರ್, ಫ್ರಿಜ್, ವಾಷಿಂಗ್ ಮಷೀನ್ ಇವೆ. ಈಗಲೇ 140 ಹತ್ತಿರ ಬರುತ್ತದೆ.

ಅಂಗಡಿಯವರು "ಮೊದಲು 18ಕ್ಕೆ ಇಡಿ, ಬೇಗ ತಂಪಾಗುತ್ತೆ, ಆಮೇಲೆ ಏರಿಸಿ" ಅಂದರು. ಇದು ಸರಿನಾ? ಎಷ್ಟಕ್ಕೆ ಇಟ್ಟರೆ ಅಪ್ಪನಿಗೂ ಆರಾಮ, ಮೀಟರ್ ಕೂಡ ಓಡಲ್ಲ? ಗೊತ್ತಿರುವವರು ಹೇಳಿ.

ಬಟವಾಡಿ ಎಲೆಕ್ಟ್ರಿಷಿಯನ್

ಸರ್, ಮೊದಲು ಆ 18ರ ಮಾತು ಬಿಡಿ. ಎಸಿ ರಿಮೋಟ್‌ನಲ್ಲಿ ನಾವು ಒತ್ತುವ ನಂಬರ್ ವೇಗದ್ದಲ್ಲ, ಎಲ್ಲಿ ನಿಲ್ಲಬೇಕು ಅನ್ನುವುದರದ್ದು. ತುಮಕೂರಲ್ಲಿ ಬಸ್ ಹತ್ತಿ ಡಾಬಸ್‌ಪೇಟೆಗೆ ಟಿಕೆಟ್ ತಗೊಂಡರೂ ಬೆಂಗಳೂರಿಗೆ ತಗೊಂಡರೂ ಬಸ್ ಓಡುವ ವೇಗ ಒಂದೇ ಅಲ್ವಾ? ಹಾಗೇ ಇದು. ರೂಮು 33 ಡಿಗ್ರಿ ಇದ್ದಾಗ 26ಕ್ಕೆ ಇಟ್ಟರೂ ಕಂಪ್ರೆಸರ್ ಶುರುವಿನಲ್ಲಿ ಪೂರ್ತಿ ಜೋರಾಗಿಯೇ ಓಡುತ್ತದೆ. 18ಕ್ಕೆ ಇಟ್ಟರೆ ಬೇಗ ತಂಪಾಗುವುದಿಲ್ಲ, ಜಾಸ್ತಿ ಹೊತ್ತು ಓಡುತ್ತದೆ ಅಷ್ಟೇ.

ನಿಮ್ಮ ಮನೆಯಂಥ ತಾರಸಿ ಕೆಳಗಿನ ರೂಮು ಏಪ್ರಿಲ್‌ನಲ್ಲಿ 18ಕ್ಕೆ ಇಳಿಯುವುದೇ ಕಷ್ಟ. ಅಂದರೆ ರಾತ್ರಿಯಿಡೀ ಎಸಿ ಗುರಿ ಮುಟ್ಟದೆ ಓಡುತ್ತಲೇ ಇರುತ್ತದೆ. ಒಂದು ಟನ್ ಎಸಿ ಪೂರ್ತಿ ಓಡುವಾಗ ಸುಮಾರು ಒಂದು ಕಿಲೋವ್ಯಾಟ್ ಎಳೆಯುತ್ತದೆ. ಎಂಟು ಗಂಟೆಗೆ 8 ಯೂನಿಟ್. ಅದೇ 26ಕ್ಕೆ ಇಟ್ಟರೆ ಮೊದಲ ಒಂದು ಗಂಟೆ ಜೋರು, ಆಮೇಲೆ ಇನ್ವರ್ಟರ್ ಎಸಿಯ ಕಂಪ್ರೆಸರ್ ತಾನಾಗಿ ನಿಧಾನ ಆಗುತ್ತದೆ. ಉಳಿದ ಹೊತ್ತು ಅರ್ಧ ಶಕ್ತಿಯಲ್ಲಿ ಓಡಿತು ಅಂದುಕೊಳ್ಳಿ, ರಾತ್ರಿಗೆ ನಾಲ್ಕೂವರೆ ಯೂನಿಟ್. ಹಳೇ ಕಾಲದ ಎಸಿ ಆದರೆ ನಿಧಾನ ಆಗಲ್ಲ, ನಿಂತು ನಿಂತು ಓಡುತ್ತದೆ. ಲೆಕ್ಕ ಹೆಚ್ಚುಕಡಿಮೆ ಅದೇ.

ಬಿಇಇ, ಅಂದರೆ ಸ್ಟಾರ್ ಲೇಬಲ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತದೆ ಅನ್ನುತ್ತದೆ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಹೊಸ ರೂಮ್ ಎಸಿ ಆನ್ ಮಾಡಿದರೆ ತಾನಾಗಿ 24ಕ್ಕೇ ಶುರುವಾಗಬೇಕು ಅಂತ ನಿಯಮ ಇದೆ. ಆದರೆ ನಾವು ಆನ್ ಮಾಡಿದ ತಕ್ಷಣ ಕೆಳಗಿನ ಬಾಣದ ಗುರುತು ಒತ್ತುತ್ತೇವೆ. ಅಲ್ಲೇ ದುಡ್ಡು ಹೋಗುವುದು.

ಇನ್ನೊಂದು. ನಿಮ್ಮ ಸ್ಯಾಂಕ್ಷನ್ ಲೋಡ್, ಅಂದರೆ ಮನೆಗೆ ಮಂಜೂರಾದ ಕರೆಂಟ್ ಮಿತಿ, ಎಷ್ಟಿದೆ ಅಂತ ಬಿಲ್ಲಿನಲ್ಲಿ ನೋಡಿ. ಒಂದೇ ಕಿಲೋವ್ಯಾಟ್ ಇದ್ದರೆ ಎಸಿ ಹಾಕಿಸುವ ಮುಂಚೆ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಿ. ಎಸಿಗೆ ಬೇರೆ ವೈರು, ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್). ಗೀಸರ್ ಲೈನಿಗೆ ಅಂಟಿಸಬೇಡಿ.

ಚಿಂತಾಮಣಿ ಅಕ್ಕ

ನಮ್ಮ ಮನೆಯಲ್ಲಿ ಎಂಟು ತಿಂಗಳ ಕೂಸಿದೆ. 26 ಅಥವಾ 27ಕ್ಕೆ ಇಟ್ಟು ಫ್ಯಾನ್ ಒಂದನೇ ನಂಬರಿನಲ್ಲಿ ತಿರುಗಿಸುತ್ತೇವೆ. ಗಾಳಿ ಮೈಗೆ ತಾಗಿದರೆ ಎರಡು ಮೂರು ಡಿಗ್ರಿ ಕಡಿಮೆ ಇದ್ದ ಹಾಗೆ ಅನ್ನಿಸುತ್ತದೆ. ಫ್ಯಾನ್ ಎಷ್ಟು ತಿನ್ನುತ್ತೆ ಹೇಳಿ? ಹಳೇ ಫ್ಯಾನ್ 75 ವ್ಯಾಟ್, ಎಂಟು ಗಂಟೆಗೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಮೇಲೆ. ಕಡಿಮೆ ಕರೆಂಟ್ ತಿನ್ನುವ ಮೋಟಾರಿನ ಹೊಸ ಬಿಎಲ್‌ಡಿಸಿ ಫ್ಯಾನ್ ಆದರೆ ಅದರ ಅರ್ಧವೂ ಇಲ್ಲ. ಎಸಿ ಹಾಕಿದ ಮೇಲೆ ಫ್ಯಾನ್ ಆಫ್ ಮಾಡಬೇಕು ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ದಯವಿಟ್ಟು ಆಫ್ ಮಾಡಬೇಡಿ.

ವಯಸ್ಸಾದವರಿಗೆ 22, 23 ಆಗುವುದೇ ಇಲ್ಲ. ಬೆಳಗ್ಗೆ ಮೈಕೈ ನೋವು ಅನ್ನುತ್ತಾರೆ. ಆಮೇಲೆ ಎರಡು ರಗ್ಗು ಹೊದ್ದು ಮಲಗುತ್ತಾರೆ. ರಗ್ಗು ಬೇಕಾಗುವಷ್ಟು ತಣ್ಣಗೆ ಮಾಡಲು ಕರೆಂಟ್ ಯಾಕೆ ಸುಡಬೇಕು?

ಗೌರಿಬಿದನೂರು ಸ್ಪಿನ್ನರ್

ರಿಮೋಟ್‌ನಲ್ಲಿ ಸ್ಲೀಪ್ ಬಟನ್ ಇರುತ್ತದೆ, ಅದನ್ನು ಬಳಸಿ. ಮಲಗಿದ ಮೇಲೆ ಗಂಟೆಗೊಂದು ಡಿಗ್ರಿಯಂತೆ ಒಂದೆರಡು ಡಿಗ್ರಿ ತಾನೇ ಏರಿಸುತ್ತದೆ. ನಮ್ಮ ಕಡೆ ಬೇಸಿಗೆಯಲ್ಲೂ ಬೆಳಗಿನ ಜಾವ ಹೊರಗೆ ತಂಪಿರುತ್ತದೆ. ಮೂರು ಗಂಟೆಗೆ ಎಸಿ ಆಫ್ ಆಗುವಂತೆ ಟೈಮರ್ ಇಟ್ಟು, ಎಚ್ಚರವಾದಾಗ ಕಿಟಕಿ ತೆಗೆದರೆ ಆಯಿತು. ಇದು ಚೆನ್ನೈ ಅಲ್ಲ ಸ್ವಾಮಿ. ತುಮಕೂರು, ಕೋಲಾರ ಎಲ್ಲ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿವೆ. ಆ ಎತ್ತರದ ಲಾಭ ನಾವು ತಗೋಬೇಕು.

2025ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವ ಮನೋಹರ್ ಲಾಲ್ ಅವರು ಎಸಿಗಳು 20ರಿಂದ 28 ಡಿಗ್ರಿ ಒಳಗೆ ಮಾತ್ರ ಓಡುವಂತೆ ನಿಯಮ ತರುವ ಮಾತಾಡಿದ್ದರು. ಆಗ ತುಂಬಾ ಜನ ಬೈದರು. ನನಗೆ ಅದು ಒಳ್ಳೆಯ ಯೋಚನೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಕೆಜಿಎಫ್ ಗೀಸರ್ ರಿಪೇರಿ

ಎಲ್ಲರೂ ಎಸಿ ಬಗ್ಗೆ ಮಾತಾಡುತ್ತಿದ್ದೀರಿ. ಅಣ್ಣ, ನಿಮ್ಮ 140 ಯೂನಿಟ್ ಎಲ್ಲಿ ಹೋಗುತ್ತಿದೆ ಅಂತ ಮೊದಲು ನೋಡಿ. ಐದು ಜನರ ಮನೆ, 25 ಲೀಟರ್ ಗೀಸರ್ ಅಂದ್ರಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಎಸಿ ಬೇಕಾಗುವುದು ಎರಡು ಎರಡೂವರೆ ತಿಂಗಳು. ಗೀಸರ್ ವರ್ಷವಿಡೀ ಉರಿಯುತ್ತದೆ. ಅದರ ಡಿಗ್ರಿ ಹೆಚ್ಚುಕಡಿಮೆ ಮಾಡುವ ಗುಂಡಿ ಎಲ್ಲಿದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಲೆಕ್ಕ ಹೇಳುತ್ತೇನೆ, ನಿಧಾನಕ್ಕೆ ಓದಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋ ಕ್ಯಾಲರಿ ಬೇಕು. ಒಂದು ಯೂನಿಟ್ ಕರೆಂಟಿನಲ್ಲಿ 860 ಕಿಲೋ ಕ್ಯಾಲರಿ ಇದೆ. ಒಬ್ಬರ ಸ್ನಾನಕ್ಕೆ 18 ಲೀಟರಿನ ಒಂದು ಬಕೆಟ್ ಅಂದುಕೊಳ್ಳಿ. ನಲ್ಲಿ ನೀರು 25 ಡಿಗ್ರಿ, ಮೈಗೆ ಬೇಕಾದ್ದು 40. ಹದಿನೆಂಟನ್ನು ಹದಿನೈದರಿಂದ ಗುಣಿಸಿದರೆ 270. ಅಂದರೆ ಒಂದು ಬಕೆಟ್‌ಗೆ ಯೂನಿಟ್‌ನ ಮೂರನೇ ಒಂದು ಭಾಗವೂ ಬೇಡ.

ಈಗ ನಿಮ್ಮ ಗೀಸರ್ ಏನು ಮಾಡುತ್ತದೆ ನೋಡಿ. 60ಕ್ಕೆ ಇಟ್ಟಿದ್ದರೆ 25 ಲೀಟರನ್ನೂ 60ಕ್ಕೆ ಕಾಯಿಸಿಯೇ ನಿಲ್ಲುತ್ತದೆ. ಅದಕ್ಕೆ ಒಂದು ಯೂನಿಟ್ ಪೂರ್ತಿ. ನೀವೊಬ್ಬರೇ ಸ್ನಾನ ಮಾಡಿ ಆಫೀಸಿಗೆ ಹೋದರೆ ಮೂರರಲ್ಲಿ ಎರಡು ಭಾಗ ಬಿಸಿ ಟ್ಯಾಂಕಿನಲ್ಲೇ ಕೂತು ಆರಿ ಹೋಗುತ್ತದೆ. ಸಂಜೆ ಇನ್ನೊಬ್ಬರು ಮತ್ತೆ ಆನ್ ಮಾಡುತ್ತಾರೆ. ಹೀಗೇ ದಿನಾ.

ಅದಕ್ಕೇ ಎರಡು ಕೆಲಸ. ಒಂದು, ಗುಂಡಿ 50ಕ್ಕೆ ತನ್ನಿ. 50 ಡಿಗ್ರಿಯ 25 ಲೀಟರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ 41 ಲೀಟರ್ ಆಗುತ್ತದೆ. ಎರಡು ಬಕೆಟ್‌ಗೂ ಮೇಲೆ. ಖರ್ಚು ಮುಕ್ಕಾಲು ಯೂನಿಟ್‌ಗಿಂತ ಕಡಿಮೆ. ಎರಡು, ಸ್ನಾನ ಒಬ್ಬರಾದ ಮೇಲೆ ಒಬ್ಬರು ಮಾಡಿ. ಕೊನೆಯವರು ಬಾತ್‌ರೂಮಿಗೆ ಹೋಗುವಾಗ ಸ್ವಿಚ್ ಆರಿಸಿ, ಟ್ಯಾಂಕಿನಲ್ಲಿ ಉಳಿದದ್ದು ಅವರಿಗೆ ಸಾಕು. ಡಿಸೆಂಬರ್, ಜನವರಿಯಲ್ಲಿ ನಲ್ಲಿ ನೀರೇ ಕೊರೆಯುತ್ತದಲ್ಲ, ಆಗ 55ಕ್ಕೆ ಏರಿಸಿಕೊಳ್ಳಿ.

ನಮ್ಮ ಕೋಲಾರದ ಕಡೆಯವರಿಗೆ ಇನ್ನೊಂದು ಕಾರಣ ಇದೆ. ಸಾವಿರ ಅಡಿ, ಅದಕ್ಕಿಂತ ಆಳದ ಬೋರ್‌ವೆಲ್ ನೀರು. ಗಡಸು ನೀರು. ನೀರು ಜಾಸ್ತಿ ಕಾದಷ್ಟೂ ಅದರೊಳಗಿನ ಸುಣ್ಣ ಬೇರೆಯಾಗಿ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. 60 ದಾಟಿದರೆ ಇನ್ನೂ ಬೇಗ. ಪದರ ದಪ್ಪ ಆದ ಮೇಲೆ ಕಾಯಿಲಿನ ಬಿಸಿ ನೀರಿಗೆ ಇಳಿಯುವುದು ನಿಧಾನ. ಕಾಯಿಲ್ ಒಳಗೇ ಕಾದು ಸುಟ್ಟು ಹೋಗುತ್ತದೆ. ಬಿಚ್ಚಿದ ಗೀಸರ್‌ಗಳಲ್ಲಿ ಕಾಯಿಲ್ ಕಾಣದಷ್ಟು ಉಪ್ಪು ಕಟ್ಟಿರುವುದು ನಮಗೆ ದಿನದ ನೋಟ. ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸಿ ತೊಳೆಸಿ. ಒಳಗೆ ಮೆಗ್ನೀಷಿಯಂ ರಾಡ್ ಇರುತ್ತದೆ. ಟ್ಯಾಂಕ್ ಬದಲು ತಾನು ತುಕ್ಕು ತಿನ್ನಲಿಕ್ಕೇ ಅದನ್ನು ಇಟ್ಟಿರುವುದು. ಸವೆದಿದ್ದರೆ ಬದಲಾಯಿಸಿ.

ಕ್ಯಾತ್ಸಂದ್ರ ನಿವೃತ್ತ ಮೇಷ್ಟ್ರು

ಗೀಸರ್ ದಿನವಿಡೀ ಆನ್ ಇಟ್ಟರೇ ಉಳಿತಾಯ, ಆರಿಸಿ ಮತ್ತೆ ಕಾಯಿಸಿದರೆ ಜಾಸ್ತಿ ಎಳೆಯುತ್ತದೆ ಅಂತ ಕೇಳಿದ್ದೇನೆ. ಥರ್ಮೋಸ್ಟಾಟ್ ಇರುವುದೇ ಅದಕ್ಕಲ್ಲವೇ? ತಾನೇ ಕಟ್ ಆಗುತ್ತದಲ್ಲ.

ಕೆಜಿಎಫ್ ಗೀಸರ್ ರಿಪೇರಿ

ಮೇಷ್ಟ್ರೇ, ಕಟ್ ಆಗುವುದು ನಿಜ. ಆದರೆ ಕಟ್ ಆದ ಮೇಲೆ ಟ್ಯಾಂಕಿನ ಬಿಸಿ ಗೋಡೆಯಿಂದ ಹೊರಗೆ ಸೋರುತ್ತಲೇ ಇರುತ್ತದೆ. ಸ್ವಲ್ಪ ಆರಿದ ಕೂಡಲೇ ಮತ್ತೆ ಆನ್. ಹೊರಗಿನ ಗಾಳಿಗೂ ಒಳಗಿನ ನೀರಿಗೂ ಅಂತರ ಜಾಸ್ತಿ ಇದ್ದಷ್ಟೂ ಸೋರಿಕೆ ಜಾಸ್ತಿ. ಆರಿದ ನೀರಿನಿಂದ ಸೋರಿಕೆ ಕಡಿಮೆ, ಸದಾ ಬಿಸಿ ಇರುವ ನೀರಿನಿಂದ ಜಾಸ್ತಿ. ಆದ್ದರಿಂದ ಆರಲು ಬಿಟ್ಟು, ಬೇಕಾದಾಗ ಕಾಯಿಸುವುದೇ ಲಾಭ. ಗೀಸರ್‌ಗೆ ಸ್ಟಾರ್ ಕೊಡುವುದೇ 24 ಗಂಟೆಯಲ್ಲಿ ಹೀಗೆ ಎಷ್ಟು ಯೂನಿಟ್ ಸುಮ್ನೆ ಸೋರುತ್ತದೆ ಅನ್ನುವುದರ ಮೇಲೆ. ಲೇಬಲ್ ಮೇಲೆ ಬರೆದಿರುತ್ತದೆ, ಕೊಳ್ಳುವಾಗ ಓದಿ.

15 ಲೀಟರ್, 2 ಕಿಲೋವ್ಯಾಟ್ ಗೀಸರ್ 20 ಡಿಗ್ರಿ ನೀರನ್ನು 60ಕ್ಕೆ ತರಲು ಇಪ್ಪತ್ತು ಇಪ್ಪತ್ತೊಂದು ನಿಮಿಷ ಸಾಕು. ಅಷ್ಟಕ್ಕಾಗಿ ದಿನವಿಡೀ ಆನ್ ಇಡುವುದು ಯಾಕೆ?

ಚಿಂತಾಮಣಿ ಅಕ್ಕ

50 ಡಿಗ್ರಿಯ ಮಾತಿಗೆ ನನ್ನದೊಂದು ಸೇರಿಸಿ. 60 ಡಿಗ್ರಿ ನೀರು ನೇರ ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳ ಚರ್ಮ ಇನ್ನೂ ತೆಳು. 50ಕ್ಕೆ ಇದ್ದರೆ ಕೈ ಹಿಂದಕ್ಕೆಳೆದುಕೊಳ್ಳಲು ಹೊತ್ತು ಸಿಗುತ್ತದೆ. ಮಗು ಇರುವ ಮನೆಯಲ್ಲಿ ಕರೆಂಟ್ ಉಳಿಯದಿದ್ದರೂ ಇದನ್ನು ಮಾಡಲೇಬೇಕು.

ಬಂಗಾರಪೇಟೆ ನರ್ಸ್

ಹೌದು ಅಕ್ಕ. ಆದರೆ ಉಳಿತಾಯ ಅಂತ 40ಕ್ಕೆ ಇಳಿಸಿ ದಿನಗಟ್ಟಲೆ ಹಾಗೇ ಬಿಡಬೇಡಿ. 20ರಿಂದ 45 ಡಿಗ್ರಿ ನಡುವೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಶವರ್‌ನ ಸಣ್ಣ ಹನಿ ಉಸಿರಿನೊಳಗೆ ಹೋದರೆ ವಯಸ್ಸಾದವರಿಗೆ ನ್ಯುಮೋನಿಯಾ ತನಕ ಹೋಗುತ್ತದೆ. 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ಊರಿಗೆ ಹೋಗಿ ವಾರ ಬಿಟ್ಟು ಬಂದಿದ್ದರೆ ಮೊದಲ ದಿನ ಒಮ್ಮೆ 60ಕ್ಕೆ ಕಾಯಿಸಿ, ನಲ್ಲಿಯಿಂದ ನೀರು ಹರಿಯಬಿಟ್ಟು, ಆಮೇಲೆ ಗುಂಡಿ ಇಳಿಸಿ.

ಗ್ಯಾಸ್ ಗೀಸರ್ ಇರುವವರಿಗೂ ಒಂದು ಮಾತು. ಅದನ್ನು ಬಾತ್‌ರೂಮ್ ಒಳಗೆ ಇಡಲೇಬೇಡಿ. ಬಾಗಿಲು ಕಿಟಕಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಕರೆಂಟ್ ಉಳಿಸಲು ಹೋಗಿ ಜೀವ ಹೋಗಬಾರದು.

ಶಿಡ್ಲಘಟ್ಟ ರೇಷ್ಮೆ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ಹುಳು ಮನೆಯಲ್ಲಿ ಡಿಗ್ರಿ ನೋಡುವುದು ದಿನದ ಕೆಲಸ. ಚಾಕಿ ಹುಳಕ್ಕೆ, ಅಂದರೆ ರೇಷ್ಮೆಯ ಮರಿ ಹುಳಕ್ಕೆ, 27, 28 ಡಿಗ್ರಿ ಬೇಕು, ತೇವ 85 ಪರ್ಸೆಂಟ್ ಮೇಲಿರಬೇಕು. ಒಂದೊಂದು ಜ್ವರ (ಹುಳು ಪೊರೆ ಬಿಡುವುದಕ್ಕೆ ನಾವು ಹಾಗನ್ನುತ್ತೇವೆ) ಎದ್ದ ಹಾಗೆ ಒಂದೊಂದು ಡಿಗ್ರಿ ಇಳಿಸುತ್ತಾ ಬರುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ 24 ಸಾಕು. ಚಳಿಗಾಲದಲ್ಲಿ ಹೀಟರ್‌ಗೆ ಥರ್ಮೋಸ್ಟಾಟ್ ಇದ್ದೇ ಇರುತ್ತದೆ.

ಇಲ್ಲಿ ಕಲಿತದ್ದು ಏನೆಂದರೆ, ಥರ್ಮೋಸ್ಟಾಟ್ ತನ್ನ ಪಕ್ಕದ ಗಾಳಿಯನ್ನು ಮಾತ್ರ ಅಳೆಯುತ್ತದೆ. ಅದು ಬಾಗಿಲ ಪಕ್ಕ ಇದ್ದರೆ ಒಂದು ತೋರಿಸುತ್ತದೆ, ತಟ್ಟೆಯ ಹತ್ತಿರ ಬೇರೆಯೇ ಇರುತ್ತದೆ. ಹುಳು ಇರುವ ಮಟ್ಟದಲ್ಲಿ ಬೇರೆ ಥರ್ಮಾಮೀಟರ್ ತೂಗು ಹಾಕುತ್ತೇವೆ. ಎಸಿಗೂ ಹಾಗೇ. ಅದರ ಸೆನ್ಸರ್ ಸಾಮಾನ್ಯವಾಗಿ ಗೋಡೆಯ ಮೇಲೆ, ಸೂರಿನ ಹತ್ತಿರ ಇರುತ್ತದೆ. ಅಲ್ಲಿ ಬಿಸಿ ಗಾಳಿ ನಿಂತಿರುತ್ತದೆ. ಮಂಚದ ಹತ್ತಿರ ಒಂದು ಸಣ್ಣ ಥರ್ಮಾಮೀಟರ್ ಇಡಿ. ಎಸಿ 26 ಅಂದಾಗ ನಿಮ್ಮಪ್ಪ ಮಲಗಿರುವ ಕಡೆ ಎಷ್ಟಿದೆ ಅಂತ ಆಗ ಗೊತ್ತಾಗುತ್ತದೆ. 28ಕ್ಕೆ ಇಟ್ಟರೂ ಸಾಕಾಗಬಹುದು.

ಶಿರಾಗೇಟ್ ನಿವಾಸಿ, ತುಮಕೂರು

ಇಷ್ಟೊಂದು ವಿವರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಥರ್ಮಾಮೀಟರ್ ಮಾತು ತುಂಬಾ ಉಪಯೋಗ ಆಯಿತು. ನಮ್ಮ ಮನೆಯಲ್ಲಿ ಸ್ನಾನ ಬೆಳಗ್ಗೆ ಆರರಿಂದ ಹತ್ತರವರೆಗೆ ಒಬ್ಬೊಬ್ಬರದು ಒಂದೊಂದು ಹೊತ್ತಿಗೆ. ಗೀಸರ್ ಅಷ್ಟೂ ಹೊತ್ತು ಆನ್. ಅಮ್ಮನಿಗೆ ಓದಿ ಹೇಳಿದೆ, ನಾಳೆಯಿಂದಲೇ ಸಾಲಾಗಿ ಮಾಡೋಣ ಅಂದರು.

ಮಾಲೂರು ಸೋಲಾರ್ ಮನೆ

ಬೇಸಿಗೆಯಲ್ಲಿ ಗೀಸರ್ ಯಾಕೆ ಬೇಕು ಸರ್? ತಾರಸಿ ಮೇಲಿನ ಕಪ್ಪು ಟ್ಯಾಂಕಿನ ನೀರು ಏಪ್ರಿಲ್ ಸಂಜೆ ಹೊತ್ತಿಗೆ ಸ್ನಾನಕ್ಕೆ ಬೇಕಾದಷ್ಟು ಬೆಚ್ಚಗಿರುತ್ತದೆ. ಆ ಎರಡು ತಿಂಗಳು ಸ್ನಾನ ಸಂಜೆಗೆ ಇಟ್ಟುಕೊಳ್ಳಿ, ಗೀಸರ್ ಸ್ವಿಚ್ ಮುಟ್ಟಲೇಬೇಡಿ. ಐದು ಬಕೆಟ್ ಲೆಕ್ಕದಲ್ಲಿ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45ಕ್ಕೂ ಮೇಲೆ. ಇದು ಒಂದು ಚೂರೂ ಪೋಲಾಗದಿದ್ದರೆ. ನಿಮ್ಮ ಮನೆಯಂತೆ ನಾಲ್ಕು ಗಂಟೆ ಆನ್ ಇದ್ದರೆ ಇನ್ನೂ ಜಾಸ್ತಿ. ಆ ಯೂನಿಟ್‌ಗಳನ್ನು ತೆಗೆದು ಅಪ್ಪನ ಎಸಿಗೆ ಕೊಡಿ. ರಾತ್ರಿ ನಾಲ್ಕೈದು ಗಂಟೆ 27ಕ್ಕೆ ಓಡಿಸಿದರೂ 200 ದಾಟುವುದಿಲ್ಲ.

ಸೋಲಾರ್ ವಾಟರ್ ಹೀಟರ್ ಇರುವವರು ಒಂದು ಸ್ವಿಚ್ ನೋಡಿಕೊಳ್ಳಿ. ಟ್ಯಾಂಕಿನೊಳಗೆ ಮೋಡದ ದಿನಕ್ಕೆ ಅಂತ ಒಂದು ಕರೆಂಟ್ ಕಾಯಿಲ್ ಇರುತ್ತದೆ. ಅದು ಸದಾ ಆನ್ ಇದ್ದರೆ ರಾತ್ರಿ ನೀರು ಸ್ವಲ್ಪ ಆರಿದಾಗಲೆಲ್ಲ ಥರ್ಮೋಸ್ಟಾಟ್ ಎದ್ದು ಕರೆಂಟಿನಲ್ಲಿ ಕಾಯಿಸುತ್ತದೆ. ಬೆಳಗ್ಗೆ ಬಿಸಿಲಿಗೆ ಕೆಲಸವೇ ಉಳಿದಿರುವುದಿಲ್ಲ. 100, 200 ಲೀಟರಿನ ಟ್ಯಾಂಕ್ ಅದು, ಸಣ್ಣ ಗೀಸರ್ ಅಲ್ಲ. ಮಳೆಗಾಲ ಬಿಟ್ಟು ಉಳಿದಂತೆ ಆರಿಸಿಯೇ ಇಡಿ.

ಪಾವಗಡ ರೈತ

ನಮ್ಮ ತಾಲ್ಲೂಕಿನಲ್ಲೇ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, 13,000 ಎಕರೆ. ಹಗಲು ಅಲ್ಲಿ ಬೇಕಾದಷ್ಟು ಕರೆಂಟ್ ಹುಟ್ಟುತ್ತದೆ. ಆದರೆ ಊರೂರಿನ ಗೀಸರ್ ಎಲ್ಲ ಆನ್ ಆಗುವುದು ಬೆಳಗ್ಗೆ ಆರಕ್ಕೆ, ಸೂರ್ಯ ಸರಿಯಾಗಿ ಮೇಲೆ ಬಂದಿರುವುದಿಲ್ಲ. ರಾತ್ರಿ ಎಸಿಯೂ ಅಷ್ಟೇ. ಮನೆಯಲ್ಲಿ ಹಗಲು ಇರುವವರು, ಮುಖ್ಯವಾಗಿ ಹಿರಿಯರು, ಹನ್ನೊಂದು ಗಂಟೆಗೆ ಸ್ನಾನ ಮಾಡಿದರೆ ಅದೇ ಬಿಸಿಲಿನ ಕರೆಂಟ್ ಉಪಯೋಗ ಆಗುತ್ತದೆ. ಬಿಲ್ಲಿನಲ್ಲಿ ವ್ಯತ್ಯಾಸ ಕಾಣದಿರಬಹುದು. ಆದರೂ ನಮ್ಮ ಭೂಮಿ ಮೇಲೆ ಹುಟ್ಟುವ ಕರೆಂಟ್ ಹೊತ್ತಿಗೆ ಸರಿಯಾಗಿ ಬಳಕೆಯಾದರೆ ನನಗೆ ಸಂತೋಷ.

ಶ್ರೀನಿವಾಸಪುರ ಮಾವಿನ ತೋಟ

ಎಸಿಗೆ ಮುಂಚೆ ತಾರಸಿಗೆ ಬಿಳಿ ಬಳಿಸಿ. ಸುಣ್ಣ ಆದರೂ ಸರಿ, ಬಿಸಿಲು ತಡೆಯುವ ಬಿಳಿ ಪೇಂಟ್ ಆದರೂ ಸರಿ. ಸುಣ್ಣ ಮಳೆಗೆ ತೊಳೆದು ಹೋಗುತ್ತದೆ, ವರ್ಷಾ ವರ್ಷಾ ಬಳಿಯಬೇಕು. ಪಡುವಣ ಕಿಟಕಿಗೆ ಹೊರಗಡೆಯಿಂದ ಚಾಪೆ ಇಳಿಬಿಡಿ. ಒಳಗಿನ ಪರದೆಗಿಂತ ಹೊರಗಿನ ನೆರಳು ಎಷ್ಟೋ ಮೇಲು. ರೂಮು ಮೊದಲೇ ಮೂರು ಡಿಗ್ರಿ ಕಡಿಮೆ ಇದ್ದರೆ ಎಸಿಗೆ ಅಷ್ಟು ಕೆಲಸ ಕಡಿಮೆ. ನಮ್ಮ ಕಡೆ ಬೇಸಿಗೆ ಗಾಳಿ ಒಣಗಾಳಿ, ಆದ್ದರಿಂದ ನೀರಿನ ಕೂಲರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. 200 ವ್ಯಾಟ್ ಒಳಗೇ ಓಡುತ್ತದೆ. ಕೂಲರ್ ಹಾಕಿದಾಗ ಕಿಟಕಿ ತೆಗೆದಿರಬೇಕು, ಎಸಿ ಹಾಕಿದಾಗ ಮುಚ್ಚಿರಬೇಕು. ಎರಡನ್ನೂ ಒಟ್ಟಿಗೆ ಹಾಕಬೇಡಿ.

ಬಟವಾಡಿ ಎಲೆಕ್ಟ್ರಿಷಿಯನ್

ಫ್ರಿಜ್ ಯಾರೂ ಹೇಳಲಿಲ್ಲ. ಒಳಗಿನ ಗುಂಡಿ ಮೇಲಿರುವ 1ರಿಂದ 7ರ ನಂಬರ್‌ಗಳು ಡಿಗ್ರಿ ಅಲ್ಲ. ನಂಬರ್ ದೊಡ್ಡದಾದಷ್ಟೂ ತಂಪು ಜಾಸ್ತಿ. ಬೇಸಿಗೆಯಲ್ಲಿ ನಡುವೆ, ಚಳಿಗಾಲದಲ್ಲಿ 2 ಸಾಕು. ಕೆಳಗಿನ ಭಾಗ 3ರಿಂದ 5 ಡಿಗ್ರಿ ಇದ್ದರೆ ಹಾಲು, ಸಾಂಬಾರು ಕೆಡಲ್ಲ. ಫ್ರೀಜರ್‌ನಲ್ಲಿ ಐಸ್ ದಪ್ಪಗೆ ಕಟ್ಟಿದ್ದರೆ ಕರಗಿಸಿ. ಬಾಗಿಲ ರಬ್ಬರ್ ಸಡಿಲ ಇದ್ದರೆ ಗುಂಡಿ ಎಷ್ಟಕ್ಕೆ ಇಟ್ಟರೂ ಪ್ರಯೋಜನ ಇಲ್ಲ.

ಬಾಗೇಪಲ್ಲಿ ಬಾಡಿಗೆ ಮನೆ

ಕೆಜಿಎಫ್ ಅಣ್ಣ, ನಮ್ಮ ಗೀಸರ್‌ಗೆ ಹೊರಗೆ ಗುಂಡಿಯೇ ಇಲ್ಲ. ಮನೆ ಓನರ್ ಹಾಕಿಸಿದ್ದು. ಗೃಹಜ್ಯೋತಿಯಲ್ಲಿ ನಮಗೆ ಸಿಗುವುದು 58 ಯೂನಿಟ್ ಮಾತ್ರ. ನಾವೇನು ಮಾಡುವುದು?

ಕೆಜಿಎಫ್ ಗೀಸರ್ ರಿಪೇರಿ

ಕೆಲವು ಮಾಡೆಲ್‌ನಲ್ಲಿ ಗುಂಡಿ ಕೆಳಗಿನ ಮುಚ್ಚಳದ ಒಳಗಿರುತ್ತದೆ. ಅಲ್ಲಿ ಕರೆಂಟ್ ಟರ್ಮಿನಲ್ ಇರುತ್ತದೆ, ನೀವು ಬಿಚ್ಚಬೇಡಿ. ಓನರ್‌ಗೆ ಒಂದು ಮಾತು ಹೇಳಿ, ಮೆಕ್ಯಾನಿಕ್ ಬಂದಾಗ ಮೇನ್ ಆಫ್ ಮಾಡಿಸಿ 50ಕ್ಕೆ ಇಡಿಸಿಕೊಳ್ಳಿ. ಅಲ್ಲಿಯ ತನಕ ಗಡಿಯಾರವೇ ನಿಮ್ಮ ಥರ್ಮೋಸ್ಟಾಟ್. ಆನ್ ಮಾಡಿ ಎಂಟು ನಿಮಿಷ ಬಿಟ್ಟು ಆರಿಸಿ, ಬಿಸಿ ನಲ್ಲಿಯಿಂದ ಒಂದು ಮಗ್ ಹಿಡಿದು ನೋಡಿ. ಸಾಲದಿದ್ದರೆ ನಾಳೆ ಹತ್ತು ನಿಮಿಷ. ನಿಮ್ಮ ಮನೆಗೆ ಸರಿಹೋಗುವ ನಿಮಿಷ ಗೊತ್ತಾದ ಮೇಲೆ ಸ್ವಿಚ್ ಪಕ್ಕ ಬರೆದು ಅಂಟಿಸಿ, ಮನೆಯವರೆಲ್ಲ ಅಷ್ಟೇ ಹಾಕಲಿ. ಕೆಂಪು ದೀಪ ತಾನಾಗಿ ಆರುವ ತನಕ ಕಾಯುವುದು ಬೇಡ. ಅದು ಆರಿತು ಅಂದರೆ ಟ್ಯಾಂಕ್ ಪೂರ್ತಿ ಕಾದಿದೆ ಅಂತ ಅರ್ಥ, ಅಷ್ಟು ಬಿಸಿ ನಿಮಗೆ ಬೇಕಿರಲಿಲ್ಲ.